ಹದಿನಾಲ್ಕು ಹನಿ

ಮಗಳ ಪಾತ್ರೆಗೆಂದೇ ಇಟ್ಟ ಹಸಿರು ನಾರಿನಿಂದ ಅವಳು ಲೋಟ ತಿಕ್ಕುತ್ತಿದ್ದಳು. ಆಗ ಫೋನು ಬಡಿದುಕೊಂಡಿತು. ಆ ಮನೆಯಲ್ಲಿ ಎರಡು ಬಣ್ಣದ ನಾರು, ಎರಡು ಬುಟ್ಟಿ ಪಾತ್ರೆ. ಹಾಲು ತಾಕಿದ ಚಮಚ ಹಸಿರು ನಾರಿನ ಹತ್ತಿರವೂ ಸುಳಿಯುವಂತಿಲ್ಲ. ಕೈ ಒರೆಸಿಕೊಂಡು ಫೋನೆತ್ತಿದರೆ, ಅಲರ್ಜಿ ಸಂಶೋಧನೆ ನಡೆಸುವ ವಾರ್ಡಿನ ಸಿಸ್ಟರ್.

"ಅಮ್ಮ, ಇವತ್ತು ಹದಿನೈದಕ್ಕೆ ಏರಿಸಬೇಡಿ. ಹಾಲು ಹದಿನಾಲ್ಕು ಹನಿಯೇ ಇರ್ಲಿ."

"ಯಾಕೆ ಸಿಸ್ಟರ್? ರಕ್ತದ ರಿಪೋರ್ಟ್ ಸರಿ ಇಲ್ವಾ?"

"ಅವಳ ರಿಪೋರ್ಟ್ ಚೆನ್ನಾಗೇ ಇದೆ. ನಮ್ಮದೇ ಸರಿ ಇಲ್ಲ. ತಿಂಗಳ ಕೊನೆಗೆ ಸರ್ಕಾರದ ಹಣ ನಿಲ್ಲುತ್ತಂತೆ. ಏರಿಸಿದ ಮೇಲೆ ನೋಡ್ಕೊಳ್ಳೋಕೆ ನಾವಿರಬೇಕಲ್ಲ." ಸಿಸ್ಟರ್ ದನಿ ತಗ್ಗಿಸಿದಳು. "ಹನ್ನೊಂದಕ್ಕೆ ಆ ಹಣದ ವಿಷಯ ತೀರ್ಮಾನಿಸೋ ಸಮಿತಿ ಕೂರುತ್ತೆ. ತಾಯಂದಿರಲ್ಲಿ ಒಬ್ಬರು ಮಾತಾಡಬಹುದಂತೆ. ಬರಬೇಕಾಗಿದ್ದವರು ಹುಷಾರಿಲ್ಲದೆ ಮಲಗಿಬಿಟ್ಟಿದ್ದಾರೆ. ನೀವು ಬರ್ತೀರಾ?"

"ನನಗೆ ಮಾತಾಡೋಕೆ ಬರಲ್ಲ."

"ನಮ್ಮ ಡಾಕ್ಟರಿಗೂ ಬರಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಅವಳು ನೀರಿನ ಲೋಟಕ್ಕೆ ಒಂದೊಂದೇ ಹನಿ ಹಾಲು ಬಿಟ್ಟಳು. ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸಿದಳು. ಕುಡಿದು, "ಇಷ್ಟೇ ಹಾಲು ಅಂತ ಪಕ್ಕದ ಮನೆ ಬೆಕ್ಕಿಗೆ ಗೊತ್ತಾದ್ರೆ ನಗುತ್ತೆ" ಎಂದಳು. ಹೋದ ವರ್ಷ ಒಂದು ಹನಿ ತುಟಿಗೆ ಸೋಕಿದ್ದಕ್ಕೇ ಈ ಹುಡುಗಿಯ ಮುಖ ಊದಿಕೊಂಡಿತ್ತು. ನಡುವೆ ಬಿಟ್ಟರೆ ಹನಿಹನಿಯಾಗಿ ಹಾಲಿಗೆ ಒಗ್ಗಿದ ಮೈ ಕಲಿತದ್ದನ್ನೆಲ್ಲ ಮರೆಯುತ್ತದೆ, ಮತ್ತೆ ಮೊದಲ ಹನಿಯಿಂದಲೇ ಶುರು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕುಡಿದ ಮೇಲೆ ಎರಡು ಗಂಟೆ ಮಗು ಕಣ್ಣೆದುರಿಗೇ ಇರಬೇಕು. ಹಾಗಾಗಿ, ಅಕಸ್ಮಾತ್ ಮೈ ಊದಿದರೆ ಚುಚ್ಚುವ ಸೂಜಿಮದ್ದಿನ ಚೀಲದ ಜೊತೆ ಮಗಳನ್ನೂ ಕರೆದುಕೊಂಡು ಸಭೆಗೆ ಹೊರಟಳು.

ಉದ್ದನೆಯ ಮೇಜಿನ ಹಿಂದೆ ಸಮಿತಿಯ ಐದು ಜನ. ಡಾಕ್ಟರು ಗೋಡೆಯ ಮೇಲೆ ಏರಿಳಿಯುವ ಗೆರೆಗಳನ್ನು ತೋರಿಸಿ ಬೆವತರು. ಕನ್ನಡಕದ ಹಿರಿಯರೊಬ್ಬರು, ಕೆಟ್ಟವರೇನಲ್ಲ, ನಿಧಾನವಾಗಿ ಕೇಳಿದರು: "ಹಾಲು ಕೊಡದೇ ಇದ್ರೆ ಮುಗೀತಲ್ಲ ಡಾಕ್ಟರೇ? ಇದಕ್ಕಿಂತ ದೊಡ್ಡ ಕಾಯಿಲೆಗಳು ಸಾಲಾಗಿ ನಿಂತಿವೆ."

ಬಸ್ಸಿನಲ್ಲಿ ಬರೆದುಕೊಂಡಿದ್ದ ಚೀಟಿ ಅವಳ ಕೈಯಲ್ಲಿ ಮುದ್ದೆಯಾಗಿತ್ತು. ಅದರಲ್ಲಿದ್ದದ್ದು ಬರೀ ವಂದನೆ, ವಿನಂತಿ. ಅವಳು ಅದನ್ನು ಬಿಡಿಸಲಿಲ್ಲ.

"ನನ್ನ ದೊಡ್ಡ ಮಗಳಿಗೂ ಇದೇ ಇತ್ತು ಸಾರ್. ನಾವೂ ಹಾಲು ಕೊಡ್ತಿರಲಿಲ್ಲ. ಆದ್ರೆ ಎಷ್ಟು ದಿನ ಕಾಯೋದು? ಯಾರದೋ ಮನೇಲಿ, ಯಾರದೋ ಕೈಯಿಂದ ಹಾಲು ಬಾಯಿಗೆ ಬೀಳಬಹುದು. ಸ್ವಲ್ಪ ಸ್ವಲ್ಪ ಕೊಟ್ರೆ ಮೈಗೆ ಒಗ್ಗುತ್ತೆ ಅಂತ ನನಗೇ ಹೊಳೀತು. ಹೊಳೆದದ್ದು ತಪ್ಪಲ್ಲ. ಈ ಡಾಕ್ಟರೂ ಈಗ ಅದನ್ನೇ ಮಾಡ್ತಿದ್ದಾರೆ." ಅವಳು ಚೀಟಿಯನ್ನು ಚೀಲಕ್ಕೆ ತುರುಕಿದಳು. "ಸ್ವಲ್ಪ ಅಂದ್ರೆ ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. ಕೇಳೋಣ ಅಂದ್ರೆ ಗೊತ್ತಿದ್ದವರೂ ಯಾರೂ ಇರಲಿಲ್ಲ. ಅರ್ಧ ಚಮಚ ಕೊಟ್ಟೆ. ಆಸ್ಪತ್ರೆ ಮುಟ್ಟಲಿಲ್ಲ ಅವಳು."

ಯಾರೋ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಆ ಅರ್ಧ ಚಮಚಕ್ಕೂ ಒಂದು ಹನಿಗೂ ಮಧ್ಯೆ ಏನಿದೆ ಅನ್ನೋದನ್ನ ಇವರು ಕಂಡುಹಿಡೀತಿದ್ದಾರೆ. ಇದನ್ನ ನಿಲ್ಲಿಸಿದ್ರೆ ನನ್ನ ಹಾಗೇ ಇನ್ನೊಬ್ಬಳು ಅಡುಗೆಮನೇಲಿ ನಿಂತು ಅಂದಾಜು ಮಾಡ್ತಾಳೆ. ಅಷ್ಟೇ ಸಾರ್."

ತಿರುಗಿದಾಗಲೇ ಅವಳಿಗೆ ನೆನಪಾದದ್ದು. ಕೊನೆಯ ಸಾಲಿನಲ್ಲಿ ಮಗಳು, ಚಿತ್ರದ ಪುಸ್ತಕದ ಮೇಲೆ ಬಣ್ಣದ ಪೆನ್ಸಿಲು ಹಾಗೇ ನಿಲ್ಲಿಸಿ, ತನ್ನನ್ನೇ ನೋಡುತ್ತಿದ್ದಾಳೆ. ಅಕ್ಕ ಜ್ವರ ಬಂದು ಹೋದಳು ಎಂದೇ ಮನೆಯಲ್ಲಿ ಆ ಮಗುವಿಗೆ ಹೇಳಿಕೊಂಡು ಬಂದಿದ್ದರು.

ಹದಿನೈದು ದಿನದಲ್ಲಿ ತಿಳಿಸುತ್ತೇವೆ ಎಂದಿತು ಸಮಿತಿ. ಸಿಸ್ಟರ್ ಬಾಗಿಲವರೆಗೂ ಬಂದು ಅವಳ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಕೆಂಪು ಕಾರು ಎಣಿಸುವ ಮಗಳು ಇವತ್ತು ಎಣಿಸಲಿಲ್ಲ. ಮನೆಗೆ ಬಂದವಳು ಗೋಡೆಯ ಮೇಲಿನ ಎರಡು ಜಡೆಯ ಅಕ್ಕನ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಊಟ ಮಾಡಿ ಮಲಗಿದಳು.

ಮಾರನೆಯ ಬೆಳಿಗ್ಗೆ ಹಸಿರು ನಾರು, ಲೋಟ, ನೀರು. ತಾಯಿ ಹನಿ ಬಿಡತೊಡಗಿದಳು. ಮಗಳು ಪಕ್ಕಕ್ಕೆ ಬಂದು ಎಂದಿನಂತೆ ಎಣಿಸಿದಳು. ಒಂಬತ್ತಕ್ಕೆ ನಿಲ್ಲಿಸಿಬಿಟ್ಟಳು. ಉಳಿದ ಐದನ್ನು ತಾಯಿ ಒಬ್ಬಳೇ ಮನಸ್ಸಿನಲ್ಲಿ ಎಣಿಸಿದಳು, ಎಲ್ಲಿ ತಪ್ಪೀತೋ ಎಂಬ ಭಯದಲ್ಲಿ.

ಮಗಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಟಿಗೆ ತರಲಿಲ್ಲ.

"ಅಮ್ಮ," ಎಂದಳು, "ನೀನು ಚಮಚ ಕೊಟ್ಟಾಗ ಅಕ್ಕ ಬೇಡ ಅಂದಿದ್ಲಾ?"