ಹುಳಕ್ಕೆ ತಾಗಬಾರದ ಗಾಳಿ

"ದೂರ ನಿಂತು ಹಿಡಿ ಲೇ ಭಾಡ್ಯಾ. ಅದರ ಮ್ಯಾಲ ಉಸರು ಬಿಡಬ್ಯಾಡ."

ಸಾವಕಾರ ಸತೀಶಕುಮಾರ ಹೊಸ್ತಿಲೊಳಗೆ ನಿಂತು ಕಾರ್ಡುಗಳನ್ನು ಕೈ ತಾಗದಂತೆ ಮೇಲಿನಿಂದ ನನ್ನ ಬೊಗಸೆಗೆ ಉದುರಿಸಿದ. ಬೆರಳಗಲದ ರಟ್ಟಿನ ಪಟ್ಟಿ, ಮೇಲೆ ಕರಿ ಎಳ್ಳು ಕುಟ್ಟಿ ಅಂಟಿಸಿದಂಥ ತತ್ತಿ. ಅದರೊಳಗಿಂದ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜದ ಹುಳಗಳು ಹೊರಬರುತ್ತವೆ. ಕಬ್ಬು ಕೊರೆಯುವ ಹುಳದ ತತ್ತಿ ಹುಡುಕಿ ಅದರೊಳಗೆ ತಮ್ಮ ತತ್ತಿ ಇಡುತ್ತವೆ. ಕೊರೆಯುವ ಹುಳ ಹುಟ್ಟುವುದೇ ಇಲ್ಲ.

ಅಫಜಲಪುರದಿಂದ ಬಸ್ಸಿನಲ್ಲಿ, ಐಸಿನ ಡಬ್ಬಿಯೊಳಗೆ ಇವನ್ನು ತಂದವನು ನಾನೇ. ಡಬ್ಬಿ ಸೀಟಿನ ಮೇಲಿರಲಿ, ನೀನು ನಿಂತು ಬಾ ಎಂದು ಸಾವಕಾರ ಫೋನಿನಲ್ಲಿ ಹೇಳಿದ್ದ. ಡಬ್ಬಿಗೂ ಟಿಕೆಟು ತೆಗೆಸಿದ್ದ. ಎರಡು ದಿನ ಅವು ಅವನ ಅಡುಗೆಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಮಗ್ಗುಲಲ್ಲಿ ಮಲಗಿದ್ದವು. ಅಜ್ಜನ ಕಾಲದಿಂದ ಅವನ ಹೊಲದಲ್ಲಿ ಸವೆದ ನಮ್ಮ ಮನೆಯವರಲ್ಲಿ ಒಬ್ಬರೂ ಆ ಅಡುಗೆಮನೆ ಕಂಡಿಲ್ಲ. ಹುಳದ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಇರುತ್ತಾನೆಯೇ? ನಾನಿದ್ದೇನೆ.

ಕಾಲುವೆ ಕಡೆಯ ಹೊಲದಲ್ಲಿ ಎಲೆಯ ಹಿಂಬದಿಗೆ, ಬಿಸಿಲು ತಾಗದಂತೆ, ಒಂದೊಂದೇ ಪಟ್ಟಿಗೆ ಪಿನ್ನು ಹೊಡೆದೆ. ಅರ್ಧ ಮುಗಿಯುವಷ್ಟರಲ್ಲಿ ಸಾವಕಾರ ಕೂಗಿ ಕರೆದ. ಪಕ್ಕದ ಹೊಲಕ್ಕೆ ಬಿಳಿ ಹೇನು ಬಿದ್ದಿತ್ತು. ಅಲ್ಲಿ ಎಣ್ಣೆ, ಅಂದರೆ ಹುಳ ಕೊಲ್ಲುವ ವಿಷ, ಹೊಡೆಯಬೇಕಿತ್ತು. ಉಳಿದ ಪಟ್ಟಿಗಳನ್ನು ಚೀಲದಲ್ಲಿಟ್ಟು ನಾನೂ ಜೊತೆಯ ಆಳು ರಸೂಲನೂ ಪಂಪು ಬೆನ್ನಿಗೇರಿಸಿದೆವು.

ಆ ಹೊಲದಲ್ಲಿ ಎಂಟು ಹೆಣ್ಣಾಳುಗಳು ರವದಿ, ಕಬ್ಬಿನ ಒಣಗಿದ ಗರಿ, ಸುಲಿಯುತ್ತಿದ್ದರು. ನನ್ನ ಹೆಂಡತಿ ಪಂಚಶೀಲಾ ಅವರಲ್ಲಿ ಒಬ್ಬಳು. ಹಿಂದಿನ ತಿಂಗಳೂ ಹೀಗೇ ಅವರು ಒಳಗಿರುವಾಗಲೇ ಸಾವಕಾರ ಎಣ್ಣೆ ಹೊಡೆಸಿದ್ದ. ಪಂಚಶೀಲಾ ಎರಡು ದಿನ ವಾಂತಿ ಮಾಡಿಕೊಂಡಳು. ಮನೆಯಲ್ಲಿ ಐದು ತಿಂಗಳ ಕೂಸು. ವಿಷ ಕೂಸಿನ ಹೊಟ್ಟೆಗೆ ಹೋದೀತೆಂದು ಎದೆಹಾಲು ಹಿಂಡಿ ಗೋಡೆಯ ಬುಡಕ್ಕೆ ಚೆಲ್ಲಿದಳು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಅವತ್ತಿನ ಪಂಪು ನನ್ನ ಬೆನ್ನ ಮೇಲೇ ಇತ್ತು.

ಇವತ್ತು ಕಾಲುವೆ ಕಡೆಯ ಹೊಲದಲ್ಲಿ ಸುಲಿಯುತ್ತೇವೆ ಎಂದು ಅವರು ಬೆಳಿಗ್ಗೆಯೇ ಕೇಳಿದ್ದರು. ಕಾರ್ಡು ಉದುರುತ್ತವೆ, ಅಲ್ಲಿ ಕಾಲಿಡಬೇಡಿ ಎಂದು ಸಾವಕಾರ ಹೇಳಿದ್ದ.

ನಾನು ಪಂಪಿನ ಹಿಡಿಕೆ ಒತ್ತಬೇಕೆನ್ನುವಾಗ ಸಾವಕಾರ ಕೈಯೆತ್ತಿ ತಡೆದ.

"ತಡ್ರಿ. ಗಾಳಿ ಹುಳದ ಕಡಿ ಬೀಸಾಕತ್ತದ. ಎಣ್ಣಿ ತಾಗಿದ್ರ ಒಂದೂ ಉಳಿಯಂಗಿಲ್ಲ. ಭಾಳ ನಾಜೂಕ ಅವು."

ಒಂದು ತಾಸು ನಿಂತೆವು. ತುಂಬಿದ ಪಂಪು ಹೆಗಲು ಕೊರೆಯುತ್ತಿತ್ತು. ಸಾವಕಾರ ಆಗಾಗ ಚಿಟಿಕೆ ಮಣ್ಣು ತೂರಿ ನೋಡುತ್ತಿದ್ದ. ಕೊನೆಗೆ ಮಣ್ಣು ಆ ಕಡೆ ಬಿಟ್ಟು ಈ ಕಡೆ, ಹೆಣ್ಣಾಳುಗಳ ಕಡೆ, ಹಾರಿತು.

"ಹಾಂ, ಈಗ ಹೊಡೀರಿ."

ಹೆಣ್ಣುಮಕ್ಕಳು ಹೊರಗೆ ಬರಲಿ ಎಂದೆ. ಸಾವಕಾರ ನಕ್ಕ.

"ಅವ್ರೇನ್ ಹುಳಾ ಏನಲೇ, ಸಾಯಾಕ?"

ಪಂಪು ಇಳಿಸಿದೆ. ಚೀಲದೊಂದಿಗೆ ಕಬ್ಬಿನೊಳಗೆ ನುಗ್ಗಿ, ಪಂಚಶೀಲಾ ಸೀರೆಯ ಮೇಲೆ ತೊಟ್ಟಿದ್ದ ನನ್ನ ಹಳೇ ಅಂಗಿಯ ಹೆಗಲಿಗೆ ಒಂದು ಪಟ್ಟಿ ಇಟ್ಟು ಪಿನ್ನು ಹೊಡೆದೆ. ಎಲ್ಲರಿಗಿಂತ ಹಿರಿಯಳಾದ ತುಳಜಾಬಾಯಿ ತಲೆವಸ್ತ್ರ ಮುಂದೊಡ್ಡಿದಳು.

"ನನಗೂ ಒಂದು ಹಚ್ಚೋ ಯಪ್ಪಾ. ಈ ಮುಪ್ಪಿನ್ಯಾಗರ ನಾಜೂಕ ಆಗ್ತೇನಿ."

ಎಂಟು ಜನಕ್ಕೂ ಹಚ್ಚಿದೆ. ಅವರು ಗಾಳಿ ಬೀಸುವ ಕಡೆಯ ಬದುವಿನ ಮೇಲೆ ಸಾಲಾಗಿ ಬಂದು ನಿಂತರು.

"ಹಲ್ಕಟ್ ಸೂಳಿಮಗನ, ಹುಳ ಸಾಯ್ತಾವಲೇ!"

"ಹೌದ್ರಿ ಸಾವಕಾರ. ಅದಕ್ಕ ಹಚ್ಚೇನಿ. ಈಗ ಹೊಡಸ್ರಿ."

ಸಾವಕಾರ ಸಿಟ್ಟಿನಲ್ಲಿ, ನೀ ಹೊಡೆಯೆಂದು ರಸೂಲನಿಗೆ ಹೇಳಿದ. ರಸೂಲ ಪಂಪು ಇಳಿಸಿ ಅದರ ಮೇಲೇ ಕುಳಿತ.

ಸಾವಕಾರ ಬದು ಹತ್ತಿ ಪಂಚಶೀಲಾಳ ಎದುರು ಬಂದ. ಕಾರ್ಡು ಕೀಳಲು ಕೈ ಚಾಚಿದ. ಕೀಳಬೇಕಾದರೆ ಅವಳ ಹೆಗಲು ಮುಟ್ಟಬೇಕು, ಊರ ಮುಂದೆ, ಹಾಡಹಗಲು. ಕೈ ಗೇಣು ದೂರದಲ್ಲಿ ನಿಂತಿತು.

ಪಂಚಶೀಲಾ ಹೆಗಲನ್ನು ಇನ್ನಷ್ಟು ಮುಂದೆ ತಂದಳು.