ಕಲ್ಲಿನ ಎಡಗಡೆ

ಸತ್ತವರು ಯಾವ ಅಡ್ಡಹೆಸರಿನಲ್ಲಿ ಸಾಯಬೇಕು ಎಂಬ ಗಹನವಾದ ಪ್ರಶ್ನೆ ಥಾಣೆಯ ಆ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಸೀಮೆಸುಣ್ಣ ಹಿಡಿದು ನಿಂತಿತ್ತು. ಸೆಕ್ರೆಟರಿ ಕರಿಹಲಗೆಯ ಮೇಲೆ ‘ದುಃಖದ ನಿಧನ: ಜಾನಕಿ’ ಎಂದು ಬರೆದು, ಮುಂದೇನು ಎಂಬಂತೆ ತಿರುಗಿ ನೋಡಿದರು.

“ಅಷ್ಟೇ ಸಾಕು,” ಎಂದ ಜಯಂತ್. ಬೆಳಿಗ್ಗೆ ನವಿ ಮುಂಬಯಿಯ ಸೀವುಡ್ಸ್‌ನಿಂದ ಓಡಿಬಂದ, ಜಾನಕಿಯ ಅಣ್ಣನ ಮಗ. ಉಳಿದಿದ್ದ ಒಬ್ಬನೇ ನೆಂಟ. “ಇಲ್ಲಾಂದ್ರೆ ತವರಿನ ಹೆಸರು ಹಾಕಿ, ರಾವ್ ಅಂತ. ರೋಸೆಂತಾಲ್ ಅಂದ್ರೆ ಸ್ಮಶಾನದಲ್ಲಿ ನೂರು ಪ್ರಶ್ನೆ ಕೇಳ್ತಾರೆ.”

“ಎಂತ ಮಾರಾಯ್ರೆ,” ಎಂದರು ಪಕ್ಕದ ಮನೆಯ ಜಯಲತಾ. “ಸತ್ತ ಮೇಲೆ ಡೈವೋರ್ಸ್ ಮಾಡಿಸ್ತೀರಾ?”

ರೋಸೆಂತಾಲ್ ಎಂದೇ ಬರೆಯಲಾಯಿತು. ಜಯಲತಾ ಅಷ್ಟಕ್ಕೆ ಬಿಡಲಿಲ್ಲ. “ನಿಮ್ಮ ಅತ್ತೆಗೆ ಸುಡೋದು ಬೇಡ ಇತ್ತು. ಗಂಡನ ಪಕ್ಕ ಮಲಗ್ಬೇಕು ಅಂತ ಆಸೆ. ಪೆಣಕರ್ ಅಂಕಲ್ ಇಲ್ಲೇ ಕೂತಿದ್ದಾರೆ, ಒಮ್ಮೆ ಕೇಳಿ ಆಯ್ತಾ?”

*

ವಾಲ್ಟರ್ ಎಳೆಯ ವಯಸ್ಸಿನಲ್ಲಿ ಅಪ್ಪನ ಕೈಹಿಡಿದು ಜರ್ಮನಿ ಬಿಟ್ಟು ಬಂದ ಯಹೂದಿ. ಮೈಸೂರಿನ ಜಾನಕಿಯನ್ನು ರಿಜಿಸ್ಟರ್ ಮದುವೆಯಾದ. ಕನ್ನಡವನ್ನೂ ಅವಳಿಂದಲೇ ಕಲಿತ. ಮದುವೆಯ ಸಂಜೆ ಅವಳು ಹೊಸ ಹೆಸರಿನ ಅರ್ಥ ಕೇಳಿದ್ದಳು.

“ಗುಲಾಬಿ ಕಣಿವೆ. ಅಲ್ಲಿ ಅದು ನಿಮ್ಮ ರಾವ್ ಇದ್ದ ಹಾಗೆ. ಬೀದಿಗೆ ನಾಲ್ಕು ಜನ. ಯಹೂದಿಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ.”

“ಥಾಣೆಯಲ್ಲಿ?”

“ನಿನ್ನೆವರೆಗೆ ಒಬ್ಬ. ಇವತ್ತು ಡಬಲ್.”

ಮಕ್ಕಳಾಗಲಿಲ್ಲ, ಲೆಕ್ಕ ಅಲ್ಲಿಗೇ ನಿಂತಿತು. ಎರಡು ಸಾವಿರದ ಒಂದರಲ್ಲಿ ಅವನು ಹೋದ. ಗೋರಿಯ ಕಲ್ಲನ್ನು ಜಾನಕಿಯೇ ಮಾಡಿಸಿದಳು. ಕೆಳಗೆ, ಕಲ್ಲಿನ ಅಗಲಕ್ಕೂ, ಒಂದೇ ‘ರೋಸೆಂತಾಲ್’. ಅದರ ಮೇಲೆ ಬಲಗಡೆ ‘ವಾಲ್ಟರ್’. ಎಡಗಡೆ ಖಾಲಿ.

*

ಪೆಣಕರ್ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಹಿರಿಯರು. ಅವರೂ ಯಹೂದಿಯೇ, ಆದರೆ ಪೆಣ್ ಊರಿನವರು. ಅವರ ಹೆಸರಿನ ಊರಿಗೆ ಥಾಣೆಯಿಂದ ಬಸ್ಸಿದೆ.

“ಬೇಟಾ, ಮೇರೆ ಹಾಥ್ ಮೇ ನಹೀಂ ಹೈ,” ಎಂದರು. ಅವರ ಕೈಯಲ್ಲಿಲ್ಲ; ಯಹೂದಿ ಮತಕ್ಕೆ ಸೇರದವರನ್ನು ಆ ಗೋರಿಸ್ಥಳದಲ್ಲಿ ಹೂಳುವಂತಿಲ್ಲ.

“ಕಲ್ಲು ಮಾಡಿಸೋವಾಗಲೇ ಹೇಳ್ಬಹುದಿತ್ತಲ್ಲ, ಅಂಕಲ್?” ಎಂದು ಜಯಂತ್ ಹಿಂದಿಯಲ್ಲಿ ಕೇಳಿದ.

“ಹೇಳಿದ್ದೆ. ಬೇಕಿದ್ದರೆ ಮತ ಸೇರಿ ಅಂತಲೂ ಹೇಳಿದ್ದೆ. ‘ಆರಡಿ ಜಾಗಕ್ಕೆ ದೇವರಿಗೆ ಲಂಚ ಕೊಡಲ್ಲ’ ಅಂದರು.”

“ಮತ್ತೆ ಜಾಗ ಯಾಕೆ ಬಿಡಿಸಿದ್ರು?”

ಪೆಣಕರ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. “ನಾನೂ ಕೇಳಿದೆ. ‘ಮನೆಯಲ್ಲೂ ನಾನು ಎಡಗಡೆಯೇ ಮಲಗ್ತಿದ್ದೆ’ ಅಂದರು.”

ಜಯಲತಾ ಸೆರಗು ಬಾಯಿಗೆ ಒತ್ತಿಕೊಂಡರು.

ಮಧ್ಯಾಹ್ನ ಸ್ಮಶಾನದಲ್ಲಿ ದಹನವಾಯಿತು. ಯಾರೂ ನೂರು ಪ್ರಶ್ನೆ ಕೇಳಲಿಲ್ಲ.

ಸಂಜೆ ಜಯಂತ್‌ನನ್ನು ಪೆಣಕರ್ ತಾವಾಗಿ ಗೋರಿಯ ಹತ್ತಿರ ಕರೆದೊಯ್ದರು. ಯಹೂದಿಗಳು ಗೋರಿಗೆ ಹೂವಲ್ಲ, ಹರಳುಕಲ್ಲು ಇಡುತ್ತಾರೆ. ಜಾನಕಿ ಬಂದಾಗಲೆಲ್ಲ ಇಟ್ಟ ಹರಳುಗಳು ಕಲ್ಲಿನ ನೆತ್ತಿಯ ಬಲ ಅರ್ಧದಲ್ಲಿ ಒತ್ತೊತ್ತಾಗಿ ಕೂತಿದ್ದವು. ಒಂದೂ ನಡುಗೆರೆ ದಾಟಿರಲಿಲ್ಲ. ಜಯಂತ್ ನೆಲದಿಂದ ಒಂದು ಹರಳು ಹೆಕ್ಕಿ ಎಡಗಡೆ ಇಟ್ಟ. ಪೆಣಕರ್ ಬೇಡ ಎನ್ನಲಿಲ್ಲ.

ಅವನು ಮರಳಿದಾಗ ಗೇಟಿನ ಹಲಗೆ ಒರೆಸಿದ್ದರು. ಥಾಣೆಯಲ್ಲಿ ಈಗ ಆ ಹೆಸರಿನವರು ಯಾರೂ ಇಲ್ಲ.