ಬಾಣಲೆ ಕೋಲ್ಮನ್‌ನ ನಾಲಿಗೆ

ಕೋಲ್ಮನ್ ತಲೆಯಾಡಿಸದೆ ಆ ಊರಿನ ಗಾಣದಿಂದ ಒಂದು ಬಾಟಲಿ ಎಣ್ಣೆಯೂ ಆಚೆ ಹೋಗುತ್ತಿರಲಿಲ್ಲ. ಪ್ರೆಕ್‌ಮುರ್ಯೆಯ ಬಯಲಿನಲ್ಲಿ ಪ್ರತಿ ಮನೆಯವರೂ ತಮ್ಮ ಹೊಲದ ಕುಂಬಳದ ಬೀಜವನ್ನು ತಾವೇ ಗಾಣಕ್ಕೆ ತಂದು, ಅದೇ ಬೀಜದ ಎಣ್ಣೆಯನ್ನು ಮನೆಗೊಯ್ಯುವುದು ಪದ್ಧತಿ. ಕೋಲ್ಮನ್ ಬೀಜ ಹುರಿದು, ಹಿಂಡಿ, ಮೊದಲ ಚಮಚವನ್ನು ಬ್ರೆಡ್ಡಿನ ಮೇಲೆ ಸುರಿದು ಬಾಯಿಗಿಡುತ್ತಿದ್ದ. ಬೀಜದ ಯಜಮಾನ ಟೋಪಿ ಕೈಯಲ್ಲಿ ಹಿಡಿದು ಎದುರಿಗೆ ಕಾಯುತ್ತಿದ್ದ, ಎಂಥ ದೊಡ್ಡ ಮನುಷ್ಯನಾದರೂ ಸರಿ. ನಲವತ್ತು ವರ್ಷದಿಂದ ಹೀಗೇ.

ಅಂಥವನು ಗುರುವಾರ ಮಧ್ಯಾಹ್ನ ಕುಂಬಳದೆಣ್ಣೆ ಹಾಕಿದ ಬೀನ್ಸ್ ಕಾಳಿನ ತಟ್ಟೆಯ ಮುಂದೆ ಕುಳಿತು ಚಮಚ ಕೆಳಗಿಟ್ಟ.

"ಶನಿವಾರ ಗಾಣದ ಸಟ್ಟುಗ ವಿನ್ಸೆ ಕೈಗೆ ಕೊಟ್ಬಿಡ್ತೀನಿ. ಇನ್ಮೇಲೆ ಬೀಜ ಅವನೇ ಹುರೀಲಿ," ಅಂದ.

ಎದುರಿಗೆ ಕುಳಿತಿದ್ದ ಹೆಂಡತಿ ಗಿಜೆಲಾ ಕತ್ತೆತ್ತಿದಳು. "ಯಾಕೋ ಮಾರಾಯ? ಮೂಗಲ್ಲಿ ರಕ್ತ ಬಂತು ಅಂತಲಾ?"

"ರಕ್ತ ಹಾಳಾಗ್ಲಿ ಬಿಡು. ನನ್ನ ನಾಲಿಗೆ ಕೆಟ್ಟಿದೆ ಕಣೇ. ನಮ್ಮ ಎಣ್ಣೆನ ಗಾಣದಲ್ಲಿ ನಾನೇ ಚೆನ್ನಾಗಿದೆ ಅಂದೆ. ಮನೇಲಿ ತಿಂದ್ರೆ ಜಿಡ್ಡು ಜಿಡ್ಡು. ನಿನಗೆ ಹಾಗನ್ನಿಸ್ತಿಲ್ವಾ?"

"ನನಗೇನೂ ಇಲ್ಲಪ್ಪ," ಎಂದು ಗಿಜೆಲಾ ತನ್ನ ತಟ್ಟೆ ನೋಡುತ್ತಾ ಅಂದಳು. ಅವಳ ತಟ್ಟೆಯ ಎಣ್ಣೆಯಲ್ಲಿ ನಿಜಕ್ಕೂ ಏನೂ ಬೆರೆತಿರಲಿಲ್ಲ.

"ನೋಡಿದ್ಯಾ? ಹಾಗಾದ್ರೆ ಊರವರ ಎಣ್ಣೆಗೆ ನಾನು ತಲೆಯಾಡಿಸಿದ್ದೂ ಸುಳ್ಳೇ." ಮುದುಕನ ಕಣ್ಣು ತುಂಬಿತ್ತು. ಮದುವೆಯಾದಾಗಿನಿಂದ ಅವಳು ಅದನ್ನು ನೋಡಿದ್ದು ಎರಡೇ ಸಲ.

ನಡೆದದ್ದು ಇಷ್ಟು: ಗಿಜೆಲಾಳ ತಂಗಿಯ ಮಗಳು ಗ್ರಾಜ್ ಪಟ್ಟಣದಿಂದ ಒಂದು ಡಬ್ಬಿ ವಿಟಮಿನ್ ಇ ಕ್ಯಾಪ್ಸೂಲ್ ಕಳಿಸಿದ್ದಳು. ಹೃದಯಕ್ಕೆ ಒಳ್ಳೇದು, ಚರ್ಮಕ್ಕೆ ಒಳ್ಳೇದು, ಕಣ್ಣಿಗೂ ಒಳ್ಳೇದು ಅಂತೆ. "ಗಾಣದವನಿಗೆ ಅಂಗಡಿ ಎಣ್ಣೆ ಕುಡಿಸ್ತೀಯಾ?" ಎಂದು ಕೋಲ್ಮನ್ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಹಠಮಾರಿಗೆ ಹಠಮಾರಿ ಹೆಂಡತಿ. ಅವಳು ಸೂಜಿಯಿಂದ ಕ್ಯಾಪ್ಸೂಲ್ ಚುಚ್ಚಿ ಅವನ ತಟ್ಟೆಗೆ ಹಿಂಡತೊಡಗಿದಳು. ಒಂದು ಒಳ್ಳೇದಾದರೆ ಎರಡು ಇನ್ನೂ ಒಳ್ಳೇದಲ್ಲವೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂರು ವಾರ ನಡೆಯಿತು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನ ಬೇಡ.

ಶನಿವಾರ ಬೆಳಿಗ್ಗೆ ಗಂಡನ ರಕ್ತ ತೆಳುವಾಗಿಸುವ ಮಾತ್ರೆ ತರಲು ಅವಳು ಸೈಕಲ್ ತುಳಿದು ಔಷಧಿ ಅಂಗಡಿಗೆ ಹೋದಳು. ಅಂಗಡಿಯ ಆಲ್ಮಾಳಿಗೆ ಮೂಗಿನ ರಕ್ತದ ಸಂಗತಿ, ತೋಳಿನ ಮೇಲೆ ಎದ್ದ ನೀಲಿ ಕಲೆಗಳ ಸಂಗತಿ ಹೇಳಿ, ಕೊನೆಗೆ ಮೆಲ್ಲಗೆ ಡಬ್ಬಿಯನ್ನು ಹೊರತೆಗೆದು, ದಿನಕ್ಕೆ ಎರಡರಂತೆ ಹಿಂಡುತ್ತಿದ್ದುದನ್ನೂ ಹೇಳಿದಳು.

ಆಲ್ಮಾ ಡಬ್ಬಿ ತಿರುಗಿಸಿ ನೋಡಿ ತಲೆ ಮೇಲೆ ಕೈಯಿಟ್ಟಳು. "ಅಯ್ಯೋ ಗಿಜೆಲತ್ತೆ! ದಿನಕ್ಕೆ ಎರಡಾ? ಆ ಮಾತ್ರೆ ಜೊತೆಗೆ ಇದು ಇಷ್ಟು ಸೇರಿದ್ರೆ ರಕ್ತ ಹೆಪ್ಪುಗಟ್ಟೋದೇ ಕಷ್ಟ. ಇವತ್ತೇ ರಕ್ತ ಪರೀಕ್ಷೆ ಮಾಡಿಸ್ಬೇಕು, ನಾನು ಡಾಕ್ಟರಿಗೆ ಫೋನ್ ಮಾಡ್ತೀನಿ."

ಗಿಜೆಲಾ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ವಿಟಮಿನ್ ಅಲ್ವೇನೇ ಅದು? ಒಳ್ಳೇದು ಅಂತಾರಲ್ಲ?"

"ಒಳ್ಳೇದೇ. ಎಣ್ಣೆ ಕಮಟು ಹಿಡೀದ ಹಾಗೆ ಅದು ಬೀಜದೊಳಗೆ ಕಾಯುತ್ತೆ. ನಮ್ಮ ಮೈಯೊಳಗಿನ ಜಿಡ್ಡನ್ನೂ ಹಾಗೇ ಕಾಯುತ್ತೆ. ಆದ್ರೆ ಅದು ಒಂದೇ ಅಲ್ಲ ಅತ್ತೆ, ಎಂಟು ಬಗೆ. ಆಲ್ಫಾ ಅನ್ನೋದನ್ನೇ ಮೈ ಹೆಚ್ಚಾಗಿ ಇಟ್ಕೊಳ್ಳೋದು. ಕುಂಬಳದೆಣ್ಣೆಯಲ್ಲಿ ಜಾಸ್ತಿ ಇರೋದು ಗಾಮಾ. ಈ ಡಬ್ಬೀದು ಕಾರ್ಖಾನೇಲಿ ಮಾಡಿದ ಆಲ್ಫಾ, ಅದೂ ರಾಶಿಗಟ್ಟಲೆ. ಬೀಜ, ಎಣ್ಣೆ, ಸೊಪ್ಪು ತಿನ್ನೋ ಮನುಷ್ಯನಿಗೆ ಇದ್ಯಾಕೆ?"

"ಅತಿಯಾದರೆ ಅಮೃತವೂ ವಿಷ," ಎಂದು ಗೊಣಗಿದ ಗಿಜೆಲಾಳಿಗೆ ಆಗ ಇನ್ನೊಂದು ಹೊಳೆಯಿತು. ಜಿಡ್ಡು ಜಿಡ್ಡು ಅಂದಿದ್ದನಲ್ಲ! ಮಾತ್ರೆಯ ಪೊಟ್ಟಣವನ್ನು ಕೌಂಟರ್ ಮೇಲೆಯೇ ಬಿಟ್ಟು ಅವಳು ಸೈಕಲ್ ಹತ್ತಿದಳು.

ಗಾಣದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಬಾಣಲೆಯಲ್ಲಿ ಬೀಜ ಚಟಪಟ ಅನ್ನುತ್ತಿತ್ತು. ಪಕ್ಕದ ಮನೆಯ ವಿನ್ಸೆ, ಐವತ್ತು ದಾಟಿದ ಗಂಭೀರ ಮನುಷ್ಯ, ಕೋಲ್ಮನ್‌ನ ಸಟ್ಟುಗ ಹಿಡಿದು ಅಳುಮೋರೆ ಮಾಡಿಕೊಂಡು ನಿಂತಿದ್ದ.

"ನಿನ್ನ ನಾಲಿಗೆ ಕೆಟ್ಟಿಲ್ಲ!" ಗಿಜೆಲಾ ಬಾಗಿಲಿನಿಂದಲೇ ಕೂಗಿದಳು. "ಕೆಡಿಸಿದ್ದು ನಾನು! ನಿನ್ನ ತಟ್ಟೆಗೆ ದಿನಾ ಎರಡು ಕ್ಯಾಪ್ಸೂಲ್ ಹಿಂಡ್ತಿದ್ದೆ. ಮೂಗಿನ ರಕ್ತಕ್ಕೂ ಅದೇ ಕಾರಣ ಅಂತೆ. ತಪ್ಪಾಯ್ತು ಕೋಲ್ಮನ್, ಬೈಯೋದಾದ್ರೆ ಇಲ್ಲೇ ಬೈದುಬಿಡು."

ಎಲ್ಲರೂ ಕೋಲ್ಮನ್ ಕಡೆಗೆ ತಿರುಗಿದರು. ಗಾಣದವನ ಎಣ್ಣೆಗೆ ಕಲಬೆರಕೆ, ಅದೂ ಅವನ ಮನೆಯಲ್ಲೇ!

"ಎಷ್ಟು ದಿನದಿಂದ?"

"ಮೂರು ವಾರ."

"ಮೂರು ವಾರ," ಕೋಲ್ಮನ್ ಹೇಳಿದ. ಅವನ ಮುಖ ನಿಧಾನವಾಗಿ ಅರಳಿತು. "ಅದೇ! ಸರಿಯಾಗಿ ಮೂರು ವಾರದಿಂದ! ಕೇಳಿದ್ರೇನ್ರಪ್ಪಾ? ಎರಡೇ ಎರಡು ತೊಟ್ಟು ಬೇರೆ ಎಣ್ಣೆ, ಅದೂ ಬೀನ್ಸು, ಈರುಳ್ಳಿ, ವಿನೆಗರ್ ಮಧ್ಯೆ! ನನ್ನ ನಾಲಿಗೆ ಹಿಡೀತೋ ಇಲ್ವೋ? ಕೊಡೋ ವಿನ್ಸೆ, ಬೀಜ ಸೀದುಹೋಗ್ತಿದೆ!"

ವಿನ್ಸೆ ಬದುಕಿದೆಯಾ ಬಡಜೀವವೇ ಅಂತ ಸಟ್ಟುಗ ಕೊಟ್ಟ. ಆ ಬಾಣಲೆ ಇಳಿಸಿದ ಮೇಲೆ ಗಿಜೆಲಾ ಗಂಡನನ್ನು ತೋಳು ಹಿಡಿದೇ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಕ್ಯಾಪ್ಸೂಲ್ ನಿಲ್ಲಿಸಿ, ಮಾತ್ರೆಯ ಪ್ರಮಾಣ ಸರಿಮಾಡಿದರು. ಎರಡು ವಾರದಲ್ಲಿ ತೋಳಿನ ಕಲೆ ಮಾಸಿತು, ರಕ್ತವೂ ಹದಕ್ಕೆ ಬಂತು.

ಈಗಲೂ ಮಧ್ಯಾಹ್ನ ಅದೇ ಬೀನ್ಸ್ ಕಾಳು, ಅದೇ ಕಪ್ಪು ಹಸಿರು ಎಣ್ಣೆ. ಆದರೆ ಕೋಲ್ಮನ್ ಮೊದಲು ತಟ್ಟೆಯನ್ನು ಹೆಂಡತಿಯ ಕಡೆಗೆ ತಳ್ಳುತ್ತಾನೆ.

"ಮೊದಲ ಚಮಚ ನಿಂದು," ಅನ್ನುತ್ತಾನೆ.

ಗಿಜೆಲಾ ಬೇಕೆಂದೇ ನಿಧಾನವಾಗಿ ಅಗಿಯುತ್ತಾಳೆ. ಅಷ್ಟು ಹೊತ್ತೂ ಮುದುಕ ಟೋಪಿ ಕೈಯಲ್ಲಿ ಹಿಡಿದು, ಅವಳು ತಲೆಯಾಡಿಸುವುದನ್ನೇ ಕಾಯುತ್ತಾನೆ.